ಅಳ್ಳಾಡುವ ಜಾಗ

ವಿ.ವಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮೇಜಿನ ಮೇಲೆ
ಎರಡು ಕೊಳವೆ ಮಲಗಿವೆ.
ಒಂದೇ ಉದ್ದ, ಒಂದೇ ಮೂತಿ.
"ಇದು ಕಾಲ್ಕು, ಇದು ಸೀಲೆಂಟು" ಅಂದ ಇರ್ಷಾದ್.
"ಎರಡೂ ಬೆಳ್ಳಗೇ ಅವಲ್ಲಪ್ಪ."
"ಹಾಲೂ ಬೆಳ್ಳಗದೆ, ಸುಣ್ಣಾನೂ ಬೆಳ್ಳಗದೆ ಕಣಕ್ಕ."

ನಾನು ದರ್ಜಿ. ಬಿಳಿಯಲ್ಲೇ ಎಷ್ಟೋ ಬಗೆ ಕಂಡವಳು:
ಲೈನಿಂಗಿನ ಬಿಳಿ, ಲಂಗದ ಬಿಳಿ,
ಒಂದು ಒಗೆತಕ್ಕೆ ಬಣ್ಣ ತೋರಿಸುವ ಬಿಳಿ.
ಆದರೂ ಹೋದ ವರ್ಷ ಕಾಲ್ಕನ್ನೇ ಒಯ್ದಿದ್ದೆ,
ಅಗ್ಗ ಅಂತ.
ಬೆರಳು ನೀರಿಗದ್ದಿ ಸಂದಿನುದ್ದಕ್ಕೂ ಎಳೆದರೆ
ಬೆಣ್ಣೆಯ ಹಾಗೆ ಕೂತಿತ್ತು.
ಮಾರನೇ ದಿನ ಮೇಲೆ ಪಿಸ್ತಾ ಹಸಿರು ಬಳಿದೆ.
ಎಲ್ಲಿ ಗೋಡೆ ಮುಗಿದು ಎಲ್ಲಿ ಕಿಟಕಿ ಶುರು
ಎಂದು ನನಗೇ ತಿಳಿಯದೆ
ಎದುರು ಮನೆ ಸಾಕಮ್ಮನನ್ನು ಕರೆದು ತೋರಿಸಿದ್ದೆ.

ಆಮೇಲೆ ಸಕ್ಕರೆ ಕಾರ್ಖಾನೆ ಅರೆಯತೊಡಗಿತು.

ನಮ್ಮದು ಲಾರಿಗಳ ದಾರಿ.
ರಾತ್ರಿ ಎರಡಕ್ಕೆ, ಮೂರಕ್ಕೆ,
ಕಬ್ಬಿನ ಗರಿಯನ್ನು ಕರೆಂಟು ತಂತಿಗೆ ಸವರಿಕೊಂಡು ಹೋಗುತ್ತವೆ.
ಅಟ್ಟದ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತವೆ.
ಕಿಟಕಿ ನಡುಗುತ್ತದೆ,
ಗೋಡೆಯೂ ನಡುಗುತ್ತದೆ,
ಒಟ್ಟಿಗೆ ಮಾತ್ರ ಅಲ್ಲ.

ಗೌರಿ ಹಬ್ಬದ ಹೊತ್ತಿಗೆ ಕೂದಲೆಳೆಯಷ್ಟು,
ದಸರೆಗೆ ಉಗುರು ತೂರುವಷ್ಟು,
ದೀಪಾವಳಿಯ ಮಳೆಗೆ ನೀರು ಒಳಗಿಳಿದು
ಮದುವೆ ಹೆಣ್ಣೊಬ್ಬಳ ರವಿಕೆ ಮೇಲೆ
(ಕೊಕ್ಕೆ ಹಚ್ಚುವುದೊಂದೇ ಬಾಕಿ ಇತ್ತು)
ಸರಿಯಾಗಿ ಬೆನ್ನಿನ ನವಿಲಿನ ಮೇಲೆ
ತೊಟ್ಟು.

ದುಡ್ಡು ಕಟ್ಟಿಕೊಟ್ಟೆ. ರೇಷ್ಮೆ ಅದು.

"ಅಳ್ಳಾಡದ ಜಾಗಕ್ಕೆ ಕಾಲ್ಕು," ಇರ್ಷಾದ್ ಹೇಳುತ್ತಾನೆ,
"ಒಳಗಡೆ ಮೂಲೆ, ಬಾಗ್ಲು ಪಟ್ಟಿ, ಮೊಳೆ ತೂತು. ಬಣ್ಣ ಹಿಡೀತದೆ.
ಅಳ್ಳಾಡೋ ಜಾಗಕ್ಕೆ, ನೀರು ಬಡಿಯೋ ಜಾಗಕ್ಕೆ ಸಿಲಿಕಾನು.
ಹುಳಿ ವಾಸನೇದು ಬೇಡ, ಅದು ಗಾಜಿಗೆ. ಇದು ತಗೋ.
ರಬ್ಬರ್ ಇದ್ದಂಗೆ, ಎಳೆದಂಗೆ ಬತ್ತದೆ.
ಆದ್ರೆ ಬಣ್ಣ ಹಿಡಿಯಾಕಿಲ್ಲ.
ಬಳುದ್ರೂ ಸಿಪ್ಪೆ ಸಿಪ್ಪೆ ಎದ್ದೋಯ್ತದೆ."
"ಅಂದ್ರೆ ಕಾಣ್ತದೆ."
"ಕಾಣ್ತದೆ."

ಇಷ್ಟು ನೇರ ಹೇಳಿ ಯಾರೂ ನನಗೆ ಏನನ್ನೂ ಮಾರಿರಲಿಲ್ಲ.

ಕಂಕುಳ ಹತ್ತಿರ ನಾನು ಯಾವಾಗಲೂ ಒಂದಿಂಚು ಒಳಗೆ ಬಿಡುತ್ತೇನೆ.
ಯಾರೂ ಕೇಳಿರುವುದಿಲ್ಲ.
ಉಡುವವಳು ಉಸಿರಾಡುತ್ತಾಳೆ, ಎರಡು ತುತ್ತು ಹೆಚ್ಚು ಉಣ್ಣುತ್ತಾಳೆ,
ಮೇಲಿನ ಶೆಲ್ಫಿಗೆ ಕೈ ಚಾಚುತ್ತಾಳೆ,
ಬಟ್ಟೆಗೆ ಅದು ಮೊದಲೇ ಗೊತ್ತಿರಬೇಕು.
ಮೂವತ್ತು ವರ್ಷ ಇದನ್ನೇ ಮಾಡಿ
ಕಿಟಕಿಯನ್ನು ಮಾತ್ರ ಬಿಗಿಯಾಗಿ ಹೊಲಿದುಬಿಟ್ಟಿದ್ದೆ.

ಭಾನುವಾರ. ಹೊಲಿಗೆ ಬಿಚ್ಚುವ ಕೊಕ್ಕೆಯಲ್ಲೇ
ಹಳೆಯದನ್ನು ಕೆರೆದೆ, ಚೂರು ಚೂರು, ಪಿಸ್ತಾ ಸಿಪ್ಪೆಯ ಸಮೇತ.
ಬಟ್ಟೆಯಿಂದ ಒರೆಸಿ ಮಧ್ಯಾಹ್ನದ ತನಕ ಒಣಗಲು ಬಿಟ್ಟೆ.
ಎರಡು ಕಡೆ ಟೇಪು. ಗನ್ನಿನ ಕುದುರೆ ಒತ್ತಿದರೆ
ಮೊದಲು ಬರೀ ಗಾಳಿ, ಆಮೇಲೆ ಹೆಬ್ಬಾವು.
ಸೋಪಿನ ನೀರಲ್ಲಿ ಬೆರಳದ್ದಿ, ಉಸಿರು ಹಿಡಿದು,
ಮೇಲಿಂದ ಕೆಳಕ್ಕೆ ಒಂದೇ ಸಲ.

ಸಾಕಮ್ಮ ಬಂದು ನೋಡಿ
"ಇದೇನೆ, ಹಲ್ಲುಜ್ಜೋ ಪೇಸ್ಟ್ ಒರೆಸಿದೀಯ" ಅಂದಳು.
ಹೌದು, ಹಸಿರಿನಲ್ಲಿ ಬಿಳಿ ಗೆರೆ, ಬೀದಿಯಿಂದಲೂ ಕಾಣುತ್ತದೆ.
ಕಾಫಿ ಕೊಟ್ಟು ಸುಮ್ಮನಾದೆ.

ಕಾಲ್ಕನ್ನೂ ತಂದಿದ್ದೆ, ಒಂದು ಕೊಳವೆ.
ಇರಲಿ, ಮನೆಯಲ್ಲಿ ಯಾವುದಾದರೂ ಅಳ್ಳಾಡದ ಮೂಲೆಗಾಗುತ್ತದೆ ಅಂತ.
ಕಾಕಂಬಿಯ ವಾಸನೆ ತುಂಬಿದ ಆ ರಾತ್ರಿ
ಬಲ್ಬು ಹಾಕಿಕೊಂಡು ಮೂಲೆ ಮೂಲೆಗೂ ಅಂಗೈ ಇಟ್ಟು ನೋಡಿದೆ,
ದೇವರ ಗೂಡಿಗೆ, ಬಚ್ಚಲ ಹೊಸಿಲಿಗೆ, ಮೆಷಿನ್ನಿನ ಹಿಂದಿನ ಗೋಡೆಗೆ.

ಮೂರಕ್ಕೆ ಮೊದಲ ಲಾರಿ ಬಂತು.
ಡಬ್ಬಿಗಳು ಮಾತಾಡಿದವು.
ಕೊಳವೆ ಇನ್ನೂ ಕೈಯಲ್ಲೇ ಇದೆ,
ಮುಚ್ಚಳ ತೆಗೆದಿಲ್ಲ.