ಎಣಿಕೆ ತಪ್ಪಿದ ಮೇಲೆ

ಸರ್ಕಾರಿ ಸೀಟು, ನರ್ಸಿಂಗ್ ಮೊದಲ ವರ್ಷ.
ಲ್ಯಾಬಿನ ಬೊಂಬೆಗೆ ನಾಡಿಯಿಲ್ಲ,
ಎಷ್ಟೆಂದರೂ ಬರೆಯಬಹುದಿತ್ತು:
ಎಪ್ಪತ್ತೆರಡು, ದುಂಡಗೆ.

ಇವತ್ತು ಮಂಡ್ಯದ ದೊಡ್ಡಾಸ್ಪತ್ರೆ, ಗಂಡಸರ ವಾರ್ಡು.
ಹೊಸ ಏಪ್ರನ್ನಿನ ಗಂಜಿ ಕತ್ತು ಕೆರೆಯುತ್ತಿದೆ.
ಹನ್ನೊಂದನೇ ಮಂಚ, ಪುಟ್ಟಮಾದಯ್ಯ;
ನನ್ನ ಮೂರು ಬೆರಳ ಕೆಳಗೆ ಅವರ ಮಣಿಕಟ್ಟು.
ನಲವತ್ತೊಂದು, ನಲವತ್ತೆರಡು,
ಪಕ್ಕದ ಮಂಚದವನ ಕೆಮ್ಮು,
ನಲವತ್ತ...

ಗಡಿಯಾರ ನೋಡುವವಳಂತೆ ನೋಡಿದೆ.
ಚಾರ್ಟಿನ ಮೇಲೆ ಪೆನ್ನು ಇಳಿಯುವಷ್ಟರಲ್ಲಿ
"ತಪ್ಪೋಯ್ತು ಕಣವ್ವ" ಅಂದರು.
"ಶುಗರ್ ಫ್ಯಾಕ್ಟ್ರಿ ತೂಕದ ಮನೇಲಿ
ಮೂವತ್ವರ್ಸ ಕಬ್ಬಿನ ಗಾಡಿ ಎಣ್ಸಿವ್ನಿ.
ಅಂದಾಜ್ನಲ್ಲಿ ಬರೀಬ್ಯಾಡ. ತಿರ್ಗ ಎಣ್ಸು.
ನಾನೇನು ಎಲ್ಗೂ ಓಗಾಕಿಲ್ಲ."

ಕೈ ತಾವೇ ಚಾಚಿದರು.

ಒಂದು.