ಮಾಜಾಳಿಯಲ್ಲಿ ಅರ್ಥಿಂಗ್

ಬೈತಖೋಲದ ಐಸ್ ಫ್ಯಾಕ್ಟರಿಗೆ ಒಂದೇ ಒಂದು ಸ್ವರ.
ಹಗಲೂ ರಾತ್ರಿ ಜುಂಯ್.
ಅದರ ಹಿಂದಿನ ಖೋಲಿಯಲ್ಲಿ ಹುಟ್ಟಿದವಳು ನಾನು;
ಅದು ಸ್ವರವೆಂದು ಗೊತ್ತಾದದ್ದು ಕರೆಂಟು ಹೋದಾಗ,
ಹಲ್ಲು ಕಿತ್ತ ಜಾಗದ ಹಾಗೆ ಕಿವಿಯೊಳಗೊಂದು ಪೊಳ್ಳು.

ಸದಾಶಿವಗಡದ ಬ್ಲೇಜ್ ಮಾಮ,
ಮದುವೆಗಳಿಗೆ ಸೌಂಡ್ ಬಾಕ್ಸು ಬಾಡಿಗೆ ಕೊಡುವವ,
ಹೆಡ್‌ಫೋನಿನ ಒಂದು ಬಟ್ಟಲನ್ನು ನನ್ನ ಕಿವಿಗೊತ್ತಿ ಹೇಳಿದ್ದ:
ಆಯ್ಕ ಗೋ ಶೆವಂತಿ, ಕೇಳು,
ಬಡಿತ ಹೊಂದಿಸೋದು ಎರಡು ದೋಣಿ ಜತೆಗೆ ಕಟ್ಟಿದ ಹಾಗೆ.
ಏರಿಳಿತ ಒಂದೇ ಆದರೆ ಸಾಲದು,
ಮೈಗೆ ಮೈ ಉಜ್ಜಬಾರದು.
ಆಮೇಲೆ ರಟ್ಟಿನ ಮೇಲೊಂದು ಗಡಿಯಾರ ಬರೆದ.
ಹನ್ನೆರಡು ಅಂಕಿ. ಒಳಸುತ್ತು ಎ, ಹೊರಸುತ್ತು ಬಿ.
ಆರರ ಅಕ್ಕಪಕ್ಕ ಐದು, ಏಳು; ನೆರೆಯವರು, ಬಾಗಿಲು ತಟ್ಟಬಹುದು.
ಒಂದರ ಮನೆ ದೂರ. ಅಲ್ಲಿಗೆ ಹಾರಿದೆಯೋ
ಕುಣಿಯುವವರ ಮುಖದಲ್ಲಿ ಹುಣಸೆಹುಳಿ.

ಮಾಜಾಳಿಯ ಗಾಳಿಮರಗಳ ಆಚೆ, ಮರಳಿನಲ್ಲಿ,
ನನ್ನ ಮೊದಲ ರಾತ್ರಿ. ಇಪ್ಪತ್ತೆಂಟು ಜನ, ಎರಡು ನಾಯಿ.
ಹಾಡಿಗೂ ಮೊದಲೇ ಬಾಕ್ಸಿನೊಳಗೆ ಬಂದು ಕೂತಿತ್ತು
ಜುಂಯ್.
ವೈರು ಬದಲಿಸಿದೆ. ಪ್ಲಗ್ಗು ತಿರುಗಿಸಿದೆ. ಹೋಗಲಿಲ್ಲ.
ಬ್ಲೇಜ್ ಮಾಮ ಬಾಕ್ಸಿಗೆ ಕೊಂಕಣಿಯಲ್ಲಿ ಬೈದು ಸುಮ್ಮನಾದ.
ಕಣ್ಣು ಮುಚ್ಚಿ ಕೇಳಿದೆ, ಗುರುತು ಹತ್ತಿತು:
ಲೈನಿನ ಐವತ್ತು. ಫ್ಯಾಕ್ಟರಿಯ ಕೂಸು.
ಆರು-ಎ ಗಿಂತ ಒಂದು ಕೂದಲೆಳೆ ಮೇಲೆ.

ಓಡಿಸಲಾಗದ್ದನ್ನು ತಂಬೂರಿ ಅಂದುಕೊಳ್ಳೋಣ ಎಂದು
ಸ್ವರಕ್ಕೆ ಹಾಕಿದ್ದ ಬೀಗ ತೆಗೆದೆ.
ನೂರಿಪ್ಪತ್ತಾರೂವರೆ ಬಡಿತದ ಹಾಡು ಶೇಕಡಾ ಎರಡು ಏರಿತು,
ನೂರಿಪ್ಪತ್ತೊಂಬತ್ತಕ್ಕೆ ಬಂದು ನಿಂತಿತು,
ಅದರ ಸ್ವರವೂ ಆ ಕೂದಲೆಳೆಯಷ್ಟೇ ಏರಿ
ಜುಂಯ್‌ನ ಮಡಿಲಲ್ಲಿ ಕೂತಿತು.
ಧೈರ್ಯ ಬಂತು. ದೂರದ ಒಂದರ ಮನೆಯಿಂದ
ನೂರಾ ಮೂವತ್ನಾಲ್ಕರಲ್ಲಿ ಓಡುವ ಒರಟು ಟೆಕ್ನೋ,
ಕೀಲಿಕೈ ಗೊಂಚಲು ಕುಲುಕಿದಂಥ ಹೈ-ಹ್ಯಾಟ್,
ಅದನ್ನು ಮೂರೂ ಮುಕ್ಕಾಲು ಇಳಿಸಿದೆ.
ನಿಧಾನವಾದಷ್ಟೂ ತಗ್ಗಿತು,
ತಗ್ಗಿದಷ್ಟೂ ಹತ್ತಿರ ಬಂತು.
ಗಡಿಯಾರದಲ್ಲಿ ಮುಖ ತಿರುಗಿಸಿದ್ದ ಎರಡು ಅಂಕಿ
ಈಗ ಒಂದೇ ಚಾಪೆಯ ಮೇಲೆ.
ಮೊದಲಿನದರ ಬಾಸ್ ಕತ್ತರಿಸಿ ಇದರದ್ದು ಬಿಟ್ಟೆ,
ಮೂವತ್ತೆರಡು ಎಣಿಸಿ, ಸರಿಯಾಗಿ,
ಮರಳು ಒಂದು ಬೆರಳು ಕೆಳಗಿಳಿದ ಹಾಗಾಯಿತು.
ಇಪ್ಪತ್ತೆಂಟೂ ಜನ ಕೂಗಿದರು. ಒಂದು ನಾಯಿಯೂ.

ಒಂಬತ್ತು ಹೊಡೆದು ಹತ್ತು ನಿಮಿಷಕ್ಕೆ ಬಾಬಾ ಬಂದ,
ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹೊತ್ತು.
ಮೂವತ್ತೊಂದು ವರ್ಷ ಕಂಪ್ರೆಸರಿನ ಪಕ್ಕ ನಿಂತ ಕಿವಿ;
ಮುಂಜಾನೆಯ ಕಾಗೆಯೂ ಕೇಳದು, ನನ್ನ ಹಾಡೂ ಕೇಳದು.
ಬಾಕ್ಸಿನ ಮೇಲೆ ಅಂಗೈ ಇಟ್ಟ.
ಇಟ್ಟ ಕೈ ತೆಗೆಯದೆ ನನ್ನ ಕಡೆ ನೋಡಿದ.
ಮನೆಯ ಗುರುತು ಹತ್ತಿತೇನೋ ಅಂದುಕೊಂಡೆ,
ಗಂಟಲು ಸ್ವಲ್ಪ ಕಟ್ಟಿತು ಕೂಡ.

ಅರ್ಥಿಂಗ್ ಇಲ್ಲ, ಅಂದ.

ಎಲ್ಲಿಂದಲೋ ಕಬ್ಬಿಣದ ಸರಳು ತಂದ.
ಅಲೆ ನೆಕ್ಕಿಹೋದ ಮರಳಿಗೆ ಕಲ್ಲಿನಿಂದ ಜಡಿದ.
ಬೊಗಸೆ ಬೊಗಸೆ ಉಪ್ಪುನೀರು ಸುರಿದ.
ಹಲ್ಲಿನಿಂದ ವೈರು ಸುಲಿದು ಸುತ್ತಿದ.
ಜುಂಯ್ ನಿಂತಿತು.

ನಿಂತೇಬಿಟ್ಟಿತು.
ನೂರಿಪ್ಪತ್ತೊಂಬತ್ತರ ಎರಡು ಹಾಡು,
ಕಾಲ ಕೆಳಗಿನ ಹಲಗೆ ಯಾರೋ ಎಳೆದುಕೊಂಡ ಹಾಗೆ,
ಹಾರ್ಮೋನಿಯಮ್ಮಿನ ಯಾವ ಮನೆಗೂ ಸಲ್ಲದೆ,
ಎರಡು ಮನೆಗಳ ನಡುವಿನ ಸಂದಿಯಲ್ಲಿ
ಒಂದನ್ನೊಂದು ಹಿಡಿದುಕೊಂಡಿದ್ದವು.
ಬೀಳಲಿಲ್ಲ.
ಯಾರಿಗೂ ಗೊತ್ತಾಗಲೂ ಇಲ್ಲ.

ಲುಂಗಿಗೆ ಕೈ ಒರೆಸುತ್ತ ಬಾಬಾ ಕೇಳಿದ: ಈಗ ಸರಿಯಾಯ್ತಾ?
ಹೂಂ, ಅಂದೆ.
ಅವನಿಗೆ ಕೇಳದಿದ್ದರೂ ಸ್ವಲ್ಪ ಉದ್ದಕ್ಕೇ ಅಂದೆ,
ಆರು-ಎ ಗಿಂತ ಕೂದಲೆಳೆ ಮೇಲೆ.
ಹತ್ತಕ್ಕೆ ಪೊಲೀಸ್ ಜೀಪು ಬರುತ್ತದೆ.
ಇನ್ನೂ ನಲವತ್ತು ನಿಮಿಷ,
ಅಂದರೆ ಐದು ಸಾವಿರದ ನೂರಾ ಅರವತ್ತು ಬಡಿತ.