ಹೊಸ ಬ್ಲೇಡು

ಹೊಸಂಗಡಿಯಲ್ಲಿ ರೈಲ್ವೆ ಗೇಟು ಬಿದ್ದಾಗಲೆಲ್ಲ
ನನ್ನ ಅಂಗಡಿಗೆ ನಾಲ್ಕು ತಲೆ ಹೆಚ್ಚು.
ಬೋರ್ಡಿನಲ್ಲಿ ಮಲಯಾಳ ಮೇಲೆ, ಕನ್ನಡ ಕೆಳಗೆ,
ತುಳು ಬೋರ್ಡಿನಲ್ಲಿಲ್ಲ,
ಒಳಗೆ ಕತ್ತರಿಯ ಜೊತೆ ಮಾತಾಡುತ್ತಿರುತ್ತದೆ.

ಹದಿನಾಲ್ಕು ವರ್ಷ ಆಯಿತು ಬಿಟ್ಟು.
ಮೊದಲ ವರ್ಷ ಊರೇ ಎಣಿಸುತ್ತಿತ್ತು,
ಇವತ್ತಿಗೆ ಎಷ್ಟು ದಿನ ಭಂಡಾರಿ?
ಪಂತ ಕಟ್ಟಿದವರೂ ಇದ್ದರು. ಸೋತವನೊಬ್ಬ
ಹಣ ಕೊಟ್ಟದ್ದು ಶೇಂದಿ ಅಂಗಡಿಯಲ್ಲೇ ಅಂತೆ.
ಈಗ ಯಾರೂ ಕೇಳುವುದಿಲ್ಲ.
ಹಲ್ಲುನೋವು ಹೋದವನನ್ನು ಹಿಡಿದು ನಿಲ್ಲಿಸಿ
ಇವತ್ತು ಹಲ್ಲು ಹೇಗುಂಟು ಎಂದು ಯಾರು ಕೇಳುತ್ತಾರೆ?

ಆಗ ಬೆಳಿಗ್ಗೆ ಕೈ ನಿಲ್ಲಬೇಕಾದರೆ
ಕಾಲು ಕುಪ್ಪಿ ಬೇಕಿತ್ತು.
ಒಂದು ದಿನ ಕುಪ್ಪಿ ಖಾಲಿ, ಕುರ್ಚಿ ಭರ್ತಿ,
ಅಂದುಂಞಿಯ ಎಡಗಿವಿಯ ಹಿಂದೆ ಕತ್ತಿ ಜಾರಿತು.
ಆ ಬಿಳಿ ಬಟ್ಟೆಯನ್ನು ಯಮುನಾ ಮೂರು ಸಲ ಒಗೆದಳು,
ಏನೂ ಕೇಳಲಿಲ್ಲ.
ಆಮೇಲೆ ಮಂಗಳೂರಿನ ಆಸ್ಪತ್ರೆ, ಇಪ್ಪತ್ತೆಂಟು ದಿನ,
ಕಿಟಕಿಯಲ್ಲಿ ಹಂಚಿನ ಕಾರ್ಖಾನೆಯ ಹೊಗೆಯಿಲ್ಲದ ಚಿಮಣಿ.

ಅಂದುಂಞಿ ಇಂದಿಗೂ ತಿಂಗಳಿಗೊಮ್ಮೆ ಬರುತ್ತಾನೆ.
ಆ ಗೆರೆಯ ಹತ್ತಿರ ನನ್ನ ಬಾಚಣಿಗೆ
ಶಾಲೆಯ ಎದುರಿನ ಬಸ್ಸಿನ ಹಾಗೆ ನಿಧಾನವಾಗುತ್ತದೆ.
ಮೊನ್ನೆ ಹೇಳಿದ, "ಮಾರಾಯಾ, ನನಗೆ ಅದು ಮರೆತೇ ಹೋಗಿರುತ್ತದೆ,
ತಿಂಗಳಿಗೊಮ್ಮೆ ನೀನೇ ನೆನಪು ಮಾಡುವುದು."

ರಾತ್ರಿ ಶಟರು ಅರ್ಧ ಇಳಿಸಿ
ನನ್ನ ಗಡ್ಡ ನಾನು ಹೆರೆಯುವುದು, ಹೆರೆಯುವುದೇ ಸರಿ,
ತಣ್ಣೀರು, ಕಳೆದ ವಾರದ ಬ್ಲೇಡು.
ಗಿರಾಕಿಗಾದರೆ ಒಬ್ಬೊಬ್ಬರಿಗೂ ಹೊಸತು,
ಬಾಯಿ ತುಂಬ ಮರ್ಯಾದೆ,
ಸ್ವಲ್ಪ ತಲೆ ಬಗ್ಗಿಸಿ, ಉರಿಯಿತಾ, ಫ್ಯಾನು ಜೋರು ಮಾಡಲಾ.
ಕನ್ನಡಿಯಲ್ಲಿರುವವನಿಗೆ ಒಂದೇ ಮಾತು, ನಾಯಿ.
ಕನ್ನಡದಲ್ಲೂ ನಾಯಿ, ತುಳುವಿನಲ್ಲೂ ನಾಯಿ,
ಮಲಯಾಳದಲ್ಲಿ ಬಾಲ ಒಂಚೂರು ಗಿಡ್ಡ, ನಾಯ.
ಯಾವ ಭಾಷೆಗೆ ಓಡಿದರೂ ಹಿಂದೆಯೇ ಬರುತ್ತದೆ.

ಅದು ಕಾವಲಿಗೆ ಉಂಟು ಎಂದುಕೊಂಡಿದ್ದೆ.
ಬೊಗಳುವುದು ನಿಂತ ದಿನ
ಕಾಲು ತಾನಾಗಿ ಬಿವರೇಜಿನ ಸಾಲಿಗೆ
ಹೋಗಿ ನಿಂತೀತು ಎಂದು.

ಕಳೆದ ವಾರ ಹೊಸ ಹುಡುಗ ಇರ್ಷಾದ್,
ಬಿಜ್ನೋರಿನವನು, ಹತ್ತೊಂಬತ್ತರ ಪ್ರಾಯ,
ಐತಪ್ಪ ಮಾಸ್ತರರ ಗಲ್ಲ ಕೊಯ್ದ. ಸಣ್ಣದು.
ಕುಡಿದದ್ದಲ್ಲ, ಹೆದರಿದ್ದು.
ಮೂಲೆಯಲ್ಲಿ ನಿಂತು ತನ್ನ ಕೈಯನ್ನೇ ಬೈಯುತ್ತಿದ್ದ.
ಮಾಸ್ತರರಿಗೆ ಪಟಿಕ ಒತ್ತಿ ಹೋಗಿ
ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ,
ಕೈಗೆ ಯಾಕೆ ಬೈಯುತ್ತಿ ಮಗಾ,
ನಾಳೆಯೂ ಇದರಲ್ಲೇ ಅಲ್ಲವಾ ಕೆಲಸ.
ಹೇಳಿದ ಸ್ವರ ನನ್ನ ಗಂಟಲಿನದ್ದೇ.
ನನಗೆ ಗುರುತು ಸಿಗಲಿಲ್ಲ.

ಆ ರಾತ್ರಿ ನೀರು ಬಿಸಿಗಿಟ್ಟೆ.
ಯಮುನಾ ಫೋನು ಮಾಡಿದಳು, ತಡವಾಯಿತಲ್ಲ.
ಹದಿನಾಲ್ಕು ವರ್ಷದ ಮೇಲೂ ಅವಳ ಸ್ವರಕ್ಕೆ
ಒಂದು ಮೂಗು ಉಂಟು, ವಾಸನೆ ಹಿಡಿಯುವ ಮೂಗು.
ಮೊದಲು ಸಿಟ್ಟು ಬರುತ್ತಿತ್ತು.
ಅದನ್ನು ಅವಳು ಬೇಕೆಂದು ಬೆಳೆಸಿದ್ದಲ್ಲ, ಬೆಳೆಸಿದವ ನಾನು.
"ಗಡ್ಡ ತೆಗೆಯುತ್ತಿದ್ದೇನೆ."
"ಇಷ್ಟು ಹೊತ್ತಾ?"
"ಇವತ್ತು ಸ್ವಲ್ಪ ನಿಧಾನ ಉಂಟು."

ನೊರೆ.
ಹೊಸ ಬ್ಲೇಡಿನ ಕಾಗದ ಬಿಚ್ಚಿಕೊಂಡ ಸದ್ದು.
ಕೊರಳಿಗೆ ಟವೆಲು ಸುತ್ತಿದೆ, ಗಂಟು ಬಿಗಿಯಾಯಿತಾ ನೋಡಿದೆ.
ನಾಯಿ ಬೆಂಚಿನ ಅಡಿಯಲ್ಲಿ ಮಲಗಿತ್ತು.
ಓಡಿಸಲು ಹೋಗಲಿಲ್ಲ, ಅದಕ್ಕೂ ಪ್ರಾಯ ಆಯಿತು.
ಇಷ್ಟು ಜಾಗ್ರತೆಯಲ್ಲೂ ಗಲ್ಲದ ಕೆಳಗೆ ಕೊಯ್ದಿತು.
ಪಟಿಕ ಒತ್ತಿ, ಆಯ್ತು ಆಯ್ತು ಎಂದೆ.

ಗೇಟು ಬಿತ್ತು. ಗೂಡ್ಸು ಗಾಡಿ ಹೋಯಿತು,
ಕನ್ನಡಿ ನಡುಗಿ ನಿಂತಿತು.
ಮತ್ತೆ, ಎಲ್ಲರಿಗೂ ಕೇಳುವುದನ್ನು ಕೇಳಿದೆ,
ಮೀಸೆ ಹೇಗಿರಲಿ?
ಅವನು ಯೋಚನೆಗೆ ಬಿದ್ದ.
ಅವಸರ ಇಲ್ಲ ಎಂದೆ.